ಕೆಲಸದ ಬಗ್ಗೆ ಕೇಳಿ, ವಿಚಾರ ತಾನಾಗೇ ಬರುತ್ತದೆ: ದೀರ್ಘ ಮಾತುಕತೆಗೆ ಒಂದು ಮಾರ್ಗದರ್ಶಿ

ಇಂಥವರೊಬ್ಬರು ನಿಮಗೂ ಗೊತ್ತಿರುತ್ತಾರೆ. ಮೂವತ್ತು ವರ್ಷದಿಂದ ಒಂದೇ ಕೆಲಸ ಮಾಡಿದವರು. ಅವರ ಹತ್ತಿರ ಒಂದು ದಿನ ಕೂತು ಮನಸ್ಸು ಬಿಚ್ಚಿ ಮಾತಾಡಬೇಕು ಅಂತ ನೀವು ಬಹಳ ದಿನದಿಂದ ಅಂದುಕೊಂಡಿರುತ್ತೀರಿ. ಕೊನೆಗೂ ಕೂತಾಗ "ನಿಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಿ" ಅನ್ನುತ್ತೀರಿ. ಅವರು "ಹೇಳೋದಕ್ಕೆ ಏನಿದೆ, ಕೆಲಸ ಅಷ್ಟೇ" ಅಂತ ನಕ್ಕು ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ. ಅಷ್ಟು ದೊಡ್ಡ ಪ್ರಶ್ನೆಯನ್ನು ಎಲ್ಲಿ ಹಿಡಿಯಬೇಕು ಅಂತ ಯಾರಿಗೂ ತಿಳಿಯುವುದಿಲ್ಲ.

ಹಲವು ವರ್ಷಗಳಿಂದ ಬೇರೆ ಬೇರೆ ಕೆಲಸದವರ ಜೊತೆ ಇಂಥ ಮಾತುಕತೆ ನಡೆಸಿದ್ದೇನೆ. ಒಂದು ಸಂಗತಿ ನನಗೆ ಖಚಿತವಾಗಿದೆ. ವಿಚಾರಗಳನ್ನು ನೇರವಾಗಿ ಕೇಳಿದರೆ ಭಾಷಣ ಸಿಗುತ್ತದೆ. ಕೆಲಸವನ್ನು ಹತ್ತಿರದಿಂದ ಕೇಳಿದರೆ ಅದರ ಬೆನ್ನಿಗೇ ವಿಚಾರವೂ ಬರುತ್ತದೆ. ಕೆಳಗಿನ ಹಂತಗಳೆಲ್ಲ ಇದೊಂದೇ ನಂಬಿಕೆಯ ಮೇಲೆ ನಿಂತಿವೆ.

ಹಂತ 1: ಯಾರ ಹತ್ತಿರ, ಯಾಕೆ

ಹೆಸರು ಮಾಡಿದವರೇ ಬೇಕು ಅಂತೇನಿಲ್ಲ. ಹೆಸರು ಮಾಡಿದವರು ಒಂದೇ ಉತ್ತರವನ್ನು ನೂರು ಸಲ ಹೇಳಿರುತ್ತಾರೆ, ಆ ಉತ್ತರ ಸವೆದು ನುಣುಪಾಗಿರುತ್ತದೆ. ತನ್ನ ಕೆಲಸದ ಬಗ್ಗೆ ಯಾರೂ ಕೇಳಿಯೇ ಇಲ್ಲದವರ ಹತ್ತಿರ ಮಾತು ಹೊಸದಾಗಿ ಹುಟ್ಟುತ್ತದೆ. ಆದರೆ ಆ ಕೆಲಸದ ಬಗ್ಗೆ ನಿಮಗೆ ನಿಜವಾದ ಕುತೂಹಲ ಇರಬೇಕು. ಎರಡು ಗಂಟೆ ಕುತೂಹಲದ ನಾಟಕ ಆಡುವುದು ಆಗದ ಮಾತು, ಎದುರಿಗಿರುವವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಹೋಗುವ ಮುಂಚೆ ಒಂದು ಸಾಲು ಬರೆದುಕೊಳ್ಳಿ: "ಇವರಿಂದ ನನಗೆ ತಿಳಿಯಬೇಕಾದದ್ದು ಇದು." ಮಾತು ಎಲ್ಲೆಲ್ಲಿಗೆ ಹೋದರೂ ವಾಪಸ್ಸು ಬರಲು ಒಂದು ಕಂಬ ಬೇಕಲ್ವಾ, ಅದೇ ಈ ಸಾಲು.

ಹಂತ 2: ತಯಾರಿ

ಅವರು ಈಗಾಗಲೇ ಬರೆದದ್ದು, ಹೇಳಿದ್ದು ಏನಾದರೂ ಇದ್ದರೆ ಪೂರ್ತಿ ಓದಿ. ಓದಿ ಸಿಕ್ಕ ಉತ್ತರವನ್ನು ಮತ್ತೆ ಕೇಳಬೇಡಿ. ಬದಲಿಗೆ, "ನೀವು ಹೀಗೆ ಹೇಳಿದ್ದಿರಿ, ಈಗಲೂ ಹಾಗೇ ಅನ್ನಿಸುತ್ತಾ?" ಅಂತ ಕೇಳಿ. ಓದಿಕೊಂಡು ಬಂದಿದ್ದೀರಿ ಅಂತ ಗೊತ್ತಾದ ಕೂಡಲೇ ಅವರ ಮಾತಿನ ಮಟ್ಟವೇ ಬದಲಾಗುತ್ತದೆ.

ಏನೂ ಬರೆದಿರದವರಾದರೆ ಅವರ ಕೆಲಸದ ಹತ್ತು ಪದಗಳನ್ನಾದರೂ ಕಲಿತು ಹೋಗಿ. ಉಪಕರಣಗಳ ಹೆಸರು, ಕೆಲಸದ ಹಂತಗಳು, ಸಾಮಾನ್ಯವಾಗಿ ಏನು ಕೆಡುತ್ತದೆ, ಇಷ್ಟು ಸಾಕು. ಎಲ್ಲ ಗೊತ್ತಿದೆ ಅಂತ ತೋರಿಸಲು ಇದನ್ನು ಬಳಸಬೇಡಿ. ಅವರು ಒಂದು ಪದ ಹೇಳಿದಾಗ ಮಾತು ನಿಲ್ಲದೆ ಮುಂದೆ ಹೋಗಲಿ ಅನ್ನುವುದಕ್ಕಷ್ಟೇ ಇದು.

ಪ್ರಶ್ನೆಗಳ ಉದ್ದ ಪಟ್ಟಿ ಮಾತ್ರ ಬೇಡ. ಇಪ್ಪತ್ತು ಪ್ರಶ್ನೆ ಬರೆದುಕೊಂಡು ಹೋದರೆ ಮೂರನೆಯದಕ್ಕೆ ಉತ್ತರ ಬರುವಾಗ ನಿಮ್ಮ ಕಣ್ಣು ನಾಲ್ಕನೆಯದರ ಮೇಲೆ ಇರುತ್ತದೆ. ನಾನು ಒಂದು ಸಣ್ಣ ಚೀಟಿಯಲ್ಲಿ ಐದಾರು ಪದ ಬರೆದುಕೊಳ್ಳುತ್ತೇನೆ. ವಾಕ್ಯ ಬರೆಯುವುದಿಲ್ಲ, ಬರೀ ಪದ.

ಹಂತ 3: ಒಪ್ಪಿಗೆ ಕೇಳುವುದು

ನಾಲ್ಕು ವಿಷಯ ಮೊದಲೇ ಸ್ಪಷ್ಟವಾಗಿ ಹೇಳಿ: ಎಷ್ಟು ಹೊತ್ತು, ಎಲ್ಲಿ, ರೆಕಾರ್ಡ್ ಮಾಡುತ್ತೀರಾ, ಆಮೇಲೆ ಅದನ್ನು ಏನು ಮಾಡುತ್ತೀರಿ. "ಇದನ್ನು ಹಾಕಬೇಡಿ" ಅಂತ ಅವರು ಯಾವಾಗ ಬೇಕಾದರೂ ಹೇಳಬಹುದು ಅನ್ನುವುದನ್ನೂ ಸೇರಿಸಿ. ಈ ಮಾತು ಕೇಳಿದ ಮೇಲೆ ಜನ ಕಡಿಮೆ ಮಾತಾಡುತ್ತಾರೆ ಅಂತ ಮೊದಲು ನನಗೆ ಭಯವಿತ್ತು. ಆಗುವುದು ಅದಕ್ಕೆ ಉಲ್ಟಾ. ನಿಲ್ಲಿಸುವ ಹಕ್ಕು ತಮ್ಮ ಕೈಯಲ್ಲಿದೆ ಅಂತ ಗೊತ್ತಾದವರು ಧೈರ್ಯವಾಗಿ ಮಾತಾಡುತ್ತಾರೆ.

ಸಾಧ್ಯವಿದ್ದರೆ ಅವರು ಕೆಲಸ ಮಾಡುವ ಜಾಗದಲ್ಲೇ ಕೂತು ಮಾತಾಡಿ. ಉಪಕರಣ ಕೈಗೆ ಸಿಗುವಷ್ಟು ಹತ್ತಿರವಿದ್ದರೆ ಅರ್ಧ ಉತ್ತರಗಳು ಬಾಯಿಗಿಂತ ಮೊದಲು ಕೈಯಿಂದ ಬರುತ್ತವೆ.

ಹಂತ 4: ನಿನ್ನೆಯಿಂದ ಶುರು ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

"ಸಾಮಾನ್ಯವಾಗಿ ನೀವು ಹೇಗೆ ಕೆಲಸ ಮಾಡುತ್ತೀರಿ?" ಅಂತ ಕೇಳಿದರೆ ಪಾಠ ಒಪ್ಪಿಸಿದ ಹಾಗೆ ಉತ್ತರ ಬರುತ್ತದೆ. "ನಿನ್ನೆ ಕೆಲಸಕ್ಕೆ ಕೂತಾಗ ಮೊದಲು ಯಾವುದನ್ನು ಕೈಗೆ ತಗೊಂಡಿರಿ?" ಅಂತ ಕೇಳಿ ನೋಡಿ. ಅವರ ಕಣ್ಣು ಸ್ವಲ್ಪ ಮೇಲೆ ಹೋಗುತ್ತದೆ, ನೆನಪು ಮಾಡಿಕೊಳ್ಳುತ್ತಾರೆ. ಅಲ್ಲಿಂದ ಬರುವ ಮಾತು ಅವರ ಸ್ವಂತದ್ದು.

ಇದು ನನ್ನ ಅನುಭವ ಮಾತ್ರ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ಪೈಲಟ್‌ಗಳ ಜೊತೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ಇದನ್ನೇ ಒಂದು ವಿಧಾನವಾಗಿ ಬೆಳೆಸಿ 1954ರಲ್ಲಿ ಪ್ರಕಟಿಸಿದರು. ಒಳ್ಳೆಯ ಕೆಲಸ ಅಂದರೆ ಏನು ಅನ್ನುವ ಅಭಿಪ್ರಾಯ ಕೇಳಿಕೊಂಡು ಕೂರುವ ಬದಲು, ನಿಜವಾಗಿ ನಡೆದ ಒಂದೊಂದು ಘಟನೆಯನ್ನು ಕೇಳಬೇಕು. ಏನಾಗಿತ್ತು, ನೀವು ಏನು ಮಾಡಿದಿರಿ, ಅದರಿಂದ ಏನಾಯಿತು, ಇದೇ ಅದರ ತಿರುಳು.

ಕೆಲಸ ಬಲ್ಲವರಿಗೆ ತಮಗೆ ಏನು ಗೊತ್ತಿದೆ ಅನ್ನುವುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ರಸಾಯನಶಾಸ್ತ್ರದಿಂದ ತತ್ವಶಾಸ್ತ್ರಕ್ಕೆ ಬಂದ ಮೈಕೆಲ್ ಪೊಲಾನಿ 1966ರಲ್ಲಿ ಇದನ್ನು ಬಿಡಿಸಿ ಹೇಳಿದರು: ನಾವು ಬಾಯಲ್ಲಿ ಹೇಳಬಲ್ಲದ್ದಕ್ಕಿಂತ ನಮಗೆ ತಿಳಿದಿರುವುದೇ ಜಾಸ್ತಿ. ನೂರು ಜನರ ನಡುವೆ ಪರಿಚಯದ ಮುಖವನ್ನು ಗುರುತಿಸುತ್ತೇವೆ. ಹೇಗೆ ಗುರುತಿಸಿದಿರಿ ಅಂದರೆ ಹೇಳಲು ಬರುವುದಿಲ್ಲ. ಹಾಗಾಗಿ "ಹೇಗೆ ಗೊತ್ತಾಗುತ್ತದೆ?" ಅಂತ ಕೇಳಿದಾಗ "ಹಂಗೇ ಗೊತ್ತಾಗುತ್ತೆ" ಅನ್ನುವ ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ. "ಒಮ್ಮೆ ಮಾಡಿ ತೋರಿಸ್ತೀರಾ?" ಅನ್ನಿ.

ಪುಸ್ತಕ ಬೈಂಡಿಂಗ್ ಮಾಡುವ ಹಿರಿಯರೊಬ್ಬರ ಹತ್ತಿರ ನನಗೆ ಹೀಗೇ ಆಯಿತು. ಕಾಗದಕ್ಕೆ ಎಳೆ ಇರುತ್ತದೆ, ಅಂದರೆ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಇರುತ್ತವೆ, ಆ ಎಳೆ ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು ಅಂದರು. ಎಳೆ ಯಾವ ಕಡೆಗಿದೆ ಅಂತ ಹೇಗೆ ತಿಳಿಯುತ್ತೀರಿ ಅಂದೆ. "ನೋಡಿದ್ರೆ ಗೊತ್ತಾಗುತ್ತೆ" ಅಂದರು. ತೋರಿಸಿ ಅಂದಾಗ ಅವರು ನೋಡಲೇ ಇಲ್ಲ. ಒಂದು ಹಾಳೆ ತಗೊಂಡು, ಮಡಿಕೆ ಬೀಳದ ಹಾಗೆ ಮೆಲ್ಲಗೆ ಬಾಗಿಸಿ, ಅಂಗೈಯಲ್ಲಿ ಎರಡು ಸಲ ಒತ್ತಿ ಬಿಟ್ಟರು. ಹಾಳೆ ತಿರುಗಿಸಿ ಮತ್ತೆ ಒತ್ತಿದರು. ಒಂದು ಕಡೆ ಅದು ಸುಲಭವಾಗಿ ಬಾಗಿತು, ಇನ್ನೊಂದು ಕಡೆ ಸೆಟೆದು ನಿಂತಿತು. ಆಮೇಲೆ ಅದೇ ಹಾಳೆಯನ್ನು ಹರಿದರು. ಎಳೆಯ ಉದ್ದಕ್ಕೆ ನೇರವಾಗಿ ಹರಿಯಿತು, ಅಡ್ಡಕ್ಕೆ ಹರಿದಾಗ ಸೊಟ್ಟ ಹೋಯಿತು. ಅಂಟಿನ ತೇವಕ್ಕೆ ಕಾಗದ ಎಳೆಯ ಅಡ್ಡಕ್ಕೇ ಹಿಗ್ಗುತ್ತದಂತೆ. ಎಳೆ ತಪ್ಪಾಗಿ ಹಾಕಿದರೆ ಒಣಗಿದ ಮೇಲೆ ರಟ್ಟು ಬಾಗುತ್ತದೆ, ಪುಸ್ತಕ ಸರಿಯಾಗಿ ತೆರೆಯುವುದಿಲ್ಲ. ಇಷ್ಟನ್ನೂ ಅವರು ಹಾಳೆ ಕೈಯಲ್ಲಿ ಹಿಡಿದಾಗಲೇ ಹೇಳಿದ್ದು. ಬರೀ ಮಾತಲ್ಲಿ ಕೇಳಿದ್ದರೆ "ನೋಡಿದ್ರೆ ಗೊತ್ತಾಗುತ್ತೆ" ಅಂತಲೇ ನಾನು ಬರೆದುಕೊಂಡು ಬಂದಿರುತ್ತಿದ್ದೆ.

ಕೆಲಸದ ಒಳಗೆ ಹೋಗಲು ನನಗೆ ಎಂದೂ ಕೈಕೊಡದ ಕೆಲವು ಪ್ರಶ್ನೆಗಳು ಇವು:

"ಹೊಸಬರು ಮೊದಲು ಮಾಡುವ ತಪ್ಪು ಯಾವುದು?"
"ಇದು ಸರಿಯಾಯಿತು, ಇನ್ನು ಸಾಕು ಅಂತ ನಿಮಗೆ ಯಾವಾಗ ಅನ್ನಿಸುತ್ತದೆ?"
"ಬೇರೆಯವರು ಮಾಡಿದ ಕೆಲಸ ನೋಡಿದಾಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ?"
"ಕೊನೆಯ ಸಲ ಕೆಲಸ ಕೆಟ್ಟದ್ದು ಯಾವಾಗ? ಆಮೇಲೆ ಏನು ಮಾಡಿದಿರಿ?"

ಹಂತ 5: ಕೆಲಸದಿಂದ ವಿಚಾರಕ್ಕೆ ದಾಟುವುದು

ಈಗ ದಾಟಬಹುದು. ಅದಕ್ಕೆ ಬೇರೆ ಬಾಗಿಲು ಹುಡುಕಬೇಕಿಲ್ಲ. ಅವರು ಮಾಡಿದ ಯಾವುದಾದರೂ ಒಂದು ಆಯ್ಕೆಯನ್ನು ಹಿಡಿದು "ಯಾಕೆ ಹಾಗೆ?" ಅಂತ ಕೇಳಿ. ಉತ್ತರ ಬಂದ ಮೇಲೆ ಅದರ ಬಗ್ಗೆ ಇನ್ನೊಂದು ಸಲ ಕೇಳಿ. ಸಾಮಾನ್ಯವಾಗಿ ಎರಡನೇ "ಯಾಕೆ"ಯ ಹೊತ್ತಿಗೆ ವಿಚಾರ ಬಂದಿರುತ್ತದೆ. ಆದರೆ ಬರೀ "ಯಾಕೆ, ಯಾಕೆ" ಅಂದರೆ ವಿಚಾರಣೆ ನಡೆಸಿದ ಹಾಗಿರುತ್ತದೆ. "ಅದಕ್ಕೆ ಕಾರಣ ಏನಿರಬಹುದು?", "ಮೊದಲಿಂದಲೂ ಹಾಗೇ ಮಾಡುತ್ತಿದ್ದಿರಾ?" ಅಂತ ಬದಲಾಯಿಸಿ ಕೇಳಿ.

ಅದೇ ಹಿರಿಯರು ಮೊದಲು ಗಟ್ಟಿ ಅಂಟು ಬಳಸುತ್ತಿದ್ದರಂತೆ, ಈಗ ಹಿಟ್ಟಿನಿಂದ ಮಾಡಿದ ಅಂಟು ಬಳಸುತ್ತಾರೆ. ಗಟ್ಟಿ ಇದ್ದರೆ ಒಳ್ಳೆಯದಲ್ವಾ ಅಂದೆ. "ಹಿಟ್ಟಿನ ಅಂಟು ನೀರು ಸೋಕಿಸಿದ್ರೆ ಬಿಡುತ್ತೆ. ನಾನು ಹೋದ ಮೇಲೂ ಈ ಪುಸ್ತಕ ಒಂದಿನ ಹಾಳಾಗುತ್ತೆ. ಆಗ ಇದನ್ನ ಬಿಚ್ಚೋಕೆ ಒಬ್ಬ ಬರ್ತಾನೆ. ಅವನಿಗೆ ಕಾಗದ ಹರಿಯದ ಹಾಗೆ ಬಿಚ್ಚೋಕೆ ಆಗಬೇಕು" ಅಂದರು. ಅಂಟಿನ ಬಗ್ಗೆ ಕೇಳಿದ ಪ್ರಶ್ನೆ ಅದು. ಅಲ್ಲಿಂದ ಮಾತು ರಿಪೇರಿ ಮಾಡಲಾಗದ ವಸ್ತುಗಳ ಕಡೆಗೆ, ಶಿಷ್ಯರ ಕಡೆಗೆ, ಇನ್ನೂ ಹುಟ್ಟಿರದವರಿಗೆ ನಾವು ಏನು ಉಳಿಸಬೇಕು ಅನ್ನುವ ಕಡೆಗೆ ಹೋಯಿತು. ಒಂದು ಗಂಟೆ. "ಮುಂದಿನ ತಲೆಮಾರಿನ ಬಗ್ಗೆ ನಿಮ್ಮ ಅಭಿಪ್ರಾಯ?" ಅಂತ ಕೇಳಿದ್ದರೆ ಇದರಲ್ಲಿ ಒಂದು ಸಾಲೂ ಸಿಗುತ್ತಿರಲಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೆರಡು ಪ್ರಶ್ನೆ ಈ ದಾಟುವಿಕೆಗೆ ತುಂಬಾ ಸಹಾಯ ಮಾಡುತ್ತವೆ. "ಮೊದಲು ಖಂಡಿತ ಅಂತ ನಂಬಿ, ಆಮೇಲೆ ಬಿಟ್ಟುಬಿಟ್ಟದ್ದು ಏನಾದರೂ ಇದೆಯಾ?" ಇದೊಂದು. "ನಿಮ್ಮ ಕೆಲಸದವರೆಲ್ಲ ಒಪ್ಪುವ, ಆದರೆ ನಿಮಗೆ ಒಪ್ಪಿಗೆ ಇಲ್ಲದ ಮಾತು ಯಾವುದು?" ಇದು ಇನ್ನೊಂದು. ಇವನ್ನು ಶುರುವಿನಲ್ಲೇ ಕೇಳಬೇಡಿ. ನಂಬಿಕೆ ಬಂದ ಮೇಲೆ ಕೇಳಿ.

ಹಂತ 6: ಸುಮ್ಮನಿರುವುದನ್ನು ಕಲಿಯಿರಿ

ರಾತ್ರಿ ಪಾಳಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ ನರ್ಸ್ ಒಬ್ಬರ ಜೊತೆ ಮಾತಾಡುತ್ತಿದ್ದೆ. "ಆ ಒಂದು ರಾತ್ರಿ ಮಾತ್ರ..." ಅಂತ ಹೇಳಿ ಅವರು ನಿಲ್ಲಿಸಿದರು. ನಾನು ತಕ್ಷಣ, "ತುಂಬಾ ಕಷ್ಟ ಆಗಿರಬೇಕು ಅಲ್ವಾ?" ಅಂದೆ. "ಹೌದು" ಅಂದರು. ಅಷ್ಟೇ. ಮಾತು ಬೇರೆ ಕಡೆ ಹೊರಟುಹೋಯಿತು. ಮನೆಗೆ ಬಂದು ರೆಕಾರ್ಡಿಂಗ್ ಕೇಳಿದಾಗ ಅಳೆದು ನೋಡಿದೆ, ಅವರ ಮಾತಿಗೂ ನನ್ನ ಮಾತಿಗೂ ನಡುವೆ ಎರಡು ಸೆಕೆಂಡ್ ಕೂಡ ಇರಲಿಲ್ಲ. ಆ ರಾತ್ರಿ ಏನಾಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇದು ನನಗೆ ಈಗಲೂ ನೋವಿನ ವಿಷಯ.

ಹೀಗೆ ಆತುರ ಪಡುವುದು ನಮ್ಮೆಲ್ಲರ ಅಭ್ಯಾಸ. ಹತ್ತು ಬೇರೆ ಬೇರೆ ಭಾಷೆಗಳ ಮಾತುಕತೆಗಳನ್ನು ಅಳೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಎಲ್ಲ ಕಡೆಯೂ ಬಹಳ ಚಿಕ್ಕದು, ಸರಾಸರಿ ಸುಮಾರು 200 ಮಿಲಿಸೆಕೆಂಡ್. ಒಂದು ಸೆಕೆಂಡಿನ ಐದನೇ ಒಂದು ಭಾಗ! ಆದ್ದರಿಂದಲೇ ಎರಡು ಸೆಕೆಂಡ್ ಮೌನವೂ ನಮಗೆ ಬಹಳ ಉದ್ದ ಅನ್ನಿಸುತ್ತದೆ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಶಾಲೆಯ ತರಗತಿಗಳನ್ನು ಗಮನಿಸಿ 1970ರ ದಶಕದಲ್ಲಿ ಬರೆದದ್ದೂ ಇದಕ್ಕೆ ಸೇರುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿ ಮಾತಾಡುವುದೂ ಹೆಚ್ಚಿತು.

ಅಭ್ಯಾಸ ಮಾಡುವುದು ಹೀಗೆ. ಅವರು ಮಾತು ನಿಲ್ಲಿಸಿದಾಗ ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿ. ಅವರ ಮುಖವನ್ನು ಶಾಂತವಾಗಿ ನೋಡಿ, ಚೀಟಿ ನೋಡಬೇಡಿ. ಚೀಟಿ ನೋಡಿದರೆ ಮುಂದಿನ ಪ್ರಶ್ನೆಗೆ ಹೊರಟಿದ್ದೀರಿ ಅಂತ ಅರ್ಥ. ನಾಲ್ಕು ಎಣಿಸಿದ ಮೇಲೂ ಮಾತು ಬರದಿದ್ದರೆ ಅವರ ಕೊನೆಯ ಪದವನ್ನೇ ಮೆತ್ತಗೆ ಹೇಳಿ. "ಆ ಒಂದು ರಾತ್ರಿ..." ಅಷ್ಟು ಸಾಕಿತ್ತು. ಅಷ್ಟಾದ ಮೇಲೂ ಅವರಿಗೆ ಹೇಳಲು ಇಷ್ಟವಿಲ್ಲದಿದ್ದರೆ ಅದು ಅವರ ಹಕ್ಕು, ಒತ್ತಾಯ ಬೇಡ.

ಹಂತ 7: ನಿಮ್ಮ ಪದವನ್ನು ಅವರ ಬಾಯಿಗೆ ಹಾಕಬೇಡಿ

ಆ ನರ್ಸ್ ಜೊತೆ ನಾನು ಮಾಡಿದ ಎರಡನೇ ತಪ್ಪು "ಕಷ್ಟ" ಎಂಬ ಪದ. ಅವರಿಗೆ ಆ ರಾತ್ರಿ ಕಷ್ಟ ಆಗಿತ್ತೋ, ಸಿಟ್ಟು ಬಂದಿತ್ತೋ, ಸಮಾಧಾನವೇ ಆಗಿತ್ತೋ. ನಾನೇ ಒಂದು ಹೆಸರು ಕೊಟ್ಟುಬಿಟ್ಟೆ.

ಪ್ರಶ್ನೆಯ ಒಂದು ಪದ ನೆನಪನ್ನೇ ತಿರುಗಿಸಬಲ್ಲದು. ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಜನರಿಗೆ ಕಾರು ಅಪಘಾತದ ದೃಶ್ಯಗಳನ್ನು ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ ಕಾರುಗಳು ತಾಗಿದವು ಅನ್ನುವ ಪದ, ಕೆಲವರಿಗೆ ಅಪ್ಪಳಿಸಿದವು ಅನ್ನುವ ಪದ. ದೃಶ್ಯ ಎಲ್ಲರಿಗೂ ಒಂದೇ. ಮೊದಲಿನವರು ಹೇಳಿದ ವೇಗದ ಸರಾಸರಿ ಗಂಟೆಗೆ 31.8 ಮೈಲಿ, ಎರಡನೆಯವರದು 40 ಮೈಲಿಗೂ ಹೆಚ್ಚು. ಹಾಗಾಗಿ "ಆಗ ನಿಮಗೆ ಬೇಜಾರಾಯ್ತಾ?" ಅನ್ನುವ ಬದಲು "ಆಗ ಏನನ್ನಿಸಿತು?" ಅನ್ನಿ. "ನಿಮಗೆ ಯಂತ್ರಗಳ ಮೇಲೆ ನಂಬಿಕೆ ಇಲ್ಲ ಅಲ್ವಾ?" ಅನ್ನುವ ಬದಲು "ಯಂತ್ರ ಬಂದ ಮೇಲೆ ನಿಮ್ಮ ದಿನ ಹೇಗೆ ಬದಲಾಯಿತು?" ಅನ್ನಿ. ಅವರು ಬಳಸಿದ ಪದವನ್ನೇ ಹಿಡಿದು ಮುಂದೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಮೂರು ಪ್ರಶ್ನೆ ಒಟ್ಟಿಗೆ ಕೇಳಿದರೆ ಅವರು ಮೂರರಲ್ಲಿ ಸುಲಭವಾದದ್ದಕ್ಕೆ ಉತ್ತರ ಕೊಡುತ್ತಾರೆ.

ಹಂತ 8: ಅಲೆಯಲು ಬಿಡಿ, ದಾರಿ ನೆನಪಿಟ್ಟುಕೊಳ್ಳಿ

ಇಂಥ ಮಾತು ಕವಲೊಡೆಯುತ್ತಲೇ ಇರುತ್ತದೆ. ಅಂಟಿನಿಂದ ಅಪ್ಪನ ಕಡೆಗೆ, ಅಪ್ಪನಿಂದ ಸಾಲದ ಕಡೆಗೆ, ಸಾಲದಿಂದ ಸಂಗೀತದ ಕಡೆಗೆ. ತಡೆಯಬೇಡಿ. ಯಾವ ಕವಲಿನಲ್ಲಿ ಏನು ಅರ್ಧಕ್ಕೆ ನಿಂತಿತು ಅಂತ ಚೀಟಿಯಲ್ಲಿ ಒಂದು ಪದ ಗುರುತು ಹಾಕಿಕೊಳ್ಳಿ. ಮಾತು ಸ್ವಲ್ಪ ತಣ್ಣಗಾದಾಗ "ಆಗ ನಿಮ್ಮ ಅಪ್ಪನ ಸುದ್ದಿ ಅರ್ಧಕ್ಕೆ ಬಿಟ್ಟಿರಿ" ಅಂತ ವಾಪಸ್ಸು ಕರೆದುಕೊಂಡು ಬನ್ನಿ. ಇಷ್ಟೊತ್ತು ಇವರು ಕೇಳುತ್ತಿದ್ದರು ಅಂತ ಅವರಿಗೆ ಗೊತ್ತಾಗುವುದು ಇಲ್ಲೇ.

ಅವರ ವಿಚಾರ ನಿಮಗೆ ಒಪ್ಪಿಗೆ ಆಗದಿದ್ದರೆ? ತಲೆ ಆಡಿಸಿ ಸುಳ್ಳು ಒಪ್ಪಿಗೆ ಕೊಡಬೇಡಿ. ಮೊದಲು ಅವರ ಮಾತನ್ನು ನಿಮ್ಮ ಮಾತಲ್ಲಿ ಹೇಳಿ, "ನಾನು ಸರಿಯಾಗಿ ಅರ್ಥ ಮಾಡ್ಕೊಂಡಿದ್ದೀನಾ?" ಅಂತ ಕೇಳಿ. ಅವರು ಹೌದು ಅಂದ ಮೇಲೆ "ನನಗೆ ಇಲ್ಲಿ ಒಂದು ಅನುಮಾನ ಇದೆ" ಅಂತ ಇಡಿ. ಗೆಲ್ಲುವುದಕ್ಕಾಗಿ ಅಲ್ಲದ ಅನುಮಾನವನ್ನು ಜನ ಸಂತೋಷದಿಂದಲೇ ತಗೊಳ್ಳುತ್ತಾರೆ. ಎಷ್ಟೋ ಸಲ ಅವರ ಅತ್ಯುತ್ತಮ ಮಾತು ಅದಕ್ಕೆ ಉತ್ತರವಾಗಿಯೇ ಬರುತ್ತದೆ.

ಒಂದೂವರೆ ಗಂಟೆ ಆದ ಮೇಲೆ ಇಬ್ಬರಿಗೂ ಸುಸ್ತಾಗುತ್ತದೆ. ಎಳೆಯಬೇಡಿ. ಕೊನೆಗೆ, "ನಾನು ಕೇಳಬೇಕಿತ್ತು, ಕೇಳಲಿಲ್ಲ ಅಂತ ನಿಮಗೆ ಅನ್ನಿಸಿದ್ದು ಏನಾದರೂ ಇದೆಯಾ?" ಅಂತ ಕೇಳಿ.

ಹಂತ 9: ರೆಕಾರ್ಡಿಂಗ್

ಫೋನ್ ಸಾಕು. ಆದರೆ ಫ್ಲೈಟ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದು ರೆಕಾರ್ಡಿಂಗ್ ನಿಂತರೆ ನಿಮಗೆ ಗೊತ್ತೇ ಆಗುವುದಿಲ್ಲ. ಆಗುವುದಾದರೆ ಎರಡು ಸಾಧನ ಇಟ್ಟುಕೊಳ್ಳಿ. ಫೋನನ್ನು ಮೇಜಿನ ಮೇಲೆ ನೇರವಾಗಿ ಇಡದೆ ಮಡಚಿದ ಬಟ್ಟೆಯ ಮೇಲೆ, ಅವರಿಗೆ ಹತ್ತಿರವಾಗಿ ಇಡಿ. ಇಲ್ಲದಿದ್ದರೆ ಮೇಜಿಗೆ ಕೈ ತಾಗಿದ ಸದ್ದೆಲ್ಲ ಸೇರುತ್ತದೆ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಆಮೇಲೆ ಶುರು ಮಾಡಿ. ಸ್ಟೀರಿಯೋ ವೇವ್ ಫೈಲ್ (ಧ್ವನಿಯನ್ನು ಕುಗ್ಗಿಸದೆ ಇಡುವ ಫೈಲ್) ಆದರೆ ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ, ಜಾಗ ಇದೆಯಾ ನೋಡಿಕೊಳ್ಳಿ.

ಬರೆದುಕೊಂಡ ಮೇಲೂ ಧ್ವನಿಯನ್ನು ಅಳಿಸಬೇಡಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ 1948ರಲ್ಲಿ ಮೌಖಿಕ ಇತಿಹಾಸ ಸಂಗ್ರಹಿಸುವ ಕೆಲಸ ಶುರು ಮಾಡಿದರು. ಮೊದಲ ವರ್ಷಗಳಲ್ಲಿ ಅಲ್ಲಿ ಮಾತನ್ನು ಬರಹಕ್ಕೆ ಇಳಿಸಿದ ಮೇಲೆ ಟೇಪುಗಳನ್ನು ಮತ್ತೆ ಬೇರೆ ರೆಕಾರ್ಡಿಂಗ್‌ಗೆ ಬಳಸುತ್ತಿದ್ದರು. ಬರಹ ಉಳಿಯಿತು, ಎಷ್ಟೋ ಜನರ ಧ್ವನಿ ಹೋಯಿತು. ಒಂದು ಪ್ರತಿ ನಿಮ್ಮ ಕಂಪ್ಯೂಟರ್‌ನಲ್ಲಿ, ಇನ್ನೊಂದು ಬೇರೆ ಜಾಗದಲ್ಲಿ ಇರಲಿ. ಅವರಿಗೂ ಒಂದು ಪ್ರತಿ ಕೊಡಿ. ಅವರ ಮನೆಯವರಿಗೆ ಅದು ಎಷ್ಟು ಮುಖ್ಯ ಅಂತ ನಿಮಗೆ ಮುಂದೆ ಎಂದಾದರೂ ತಿಳಿಯುತ್ತದೆ.

ಹಂತ 10: ಬರೆಯುವುದು

ಅವತ್ತೇ ರಾತ್ರಿ ಅರ್ಧ ಗಂಟೆ ಕೂತು ರೆಕಾರ್ಡಿಂಗ್‌ನಲ್ಲಿ ಇಲ್ಲದ್ದನ್ನು ಬರೆದಿಡಿ: ಕೈ ಹೇಗೆ ಆಡುತ್ತಿತ್ತು, ಎಲ್ಲಿ ನಕ್ಕರು, ಯಾವ ಮಾತಿಗೆ ಕಿಟಕಿಯ ಕಡೆ ನೋಡಿದರು. ಬೆಳಗಾಗುವಷ್ಟರಲ್ಲಿ ಇದರಲ್ಲಿ ಅರ್ಧ ಮರೆತಿರುತ್ತದೆ.

ಒಂದು ಗಂಟೆಯ ಮಾತನ್ನು ಪೂರ್ತಿ ಬರೆದುಕೊಳ್ಳಲು ಅಭ್ಯಾಸ ಇದ್ದವರಿಗೂ ನಾಲ್ಕು ಗಂಟೆ ಬೇಕು. ತಂತ್ರಾಂಶ ಬಳಸಿದರೂ ಒಮ್ಮೆ ಕಿವಿಯಲ್ಲಿ ಕೇಳುತ್ತಾ ತಿದ್ದಲೇಬೇಕು. ಕೆಲಸದ ಪದಗಳೇ ಅದರಲ್ಲಿ ಮೊದಲು ತಪ್ಪಾಗುವುದು.

ಸಂಪಾದಿಸುವಾಗ "ಅಂದ್ರೆ", "ಮತ್ತೆ" ಇಂಥವನ್ನು ಕಡಿಮೆ ಮಾಡಿ, ಪುನರಾವರ್ತನೆ ತೆಗೆಯಿರಿ, ಬೇಕಿದ್ದರೆ ಕ್ರಮ ಬದಲಾಯಿಸಿ. ಅವರು ಹೇಳದ ಪದವನ್ನು ಮಾತ್ರ ಸೇರಿಸಬೇಡಿ. ಅವರ ಮಾತನ್ನು ಪಂಡಿತರ ಭಾಷೆಗೆ ತಿರುಗಿಸಲೂ ಬೇಡಿ. "ಬಿಚ್ಚೋಕೆ ಒಬ್ಬ ಬರ್ತಾನೆ" ಅನ್ನುವುದನ್ನು "ಭವಿಷ್ಯದ ಸಂರಕ್ಷಕರು ವಿಘಟಿಸುತ್ತಾರೆ" ಅಂತ ಬರೆದರೆ ಆ ಮನುಷ್ಯನೇ ಅಲ್ಲಿಂದ ಎದ್ದು ಹೋಗುತ್ತಾನೆ.

ಹೊರಗೆ ಹಾಕುವ ಮುಂಚೆ ಅವರಿಗೆ ಓದಿ ಹೇಳಿ ಅಥವಾ ಕಳಿಸಿ. ಸಂಗತಿ ತಪ್ಪಿದ್ದರೆ ತಿದ್ದಿ. ಬೇರೆಯವರ ಮರ್ಯಾದೆಗೆ ಧಕ್ಕೆ ತರುವ ಮಾತು ಬಿದ್ದಿದ್ದರೆ ಅದನ್ನು ನೀವಾಗೇ ಎತ್ತಿ ತೋರಿಸಿ ಕೇಳಿ.

ಆಗುವುದಾದರೆ ಇನ್ನೊಂದು ಸಲ ಹೋಗಿ ಕೂತುಕೊಳ್ಳಿ. ಮೊದಲ ಸಲ ಕೇಳಿದ ಪ್ರಶ್ನೆಗಳು ಅಷ್ಟು ದಿನ ಅವರ ತಲೆಯಲ್ಲಿ ಓಡುತ್ತಿರುತ್ತವೆ. ನೀವು ಚಪ್ಪಲಿ ಬಿಡುವಷ್ಟರಲ್ಲೇ "ಅವತ್ತು ನೀವು ಕೇಳಿದ್ರಲ್ಲ, ಅದಕ್ಕೆ ನಾನು ಸರಿಯಾಗಿ ಹೇಳಲಿಲ್ಲ" ಅಂತ ಶುರು ಮಾಡಿಬಿಡುತ್ತಾರೆ. ಅದಕ್ಕೇ ಎರಡನೇ ಸಲ ಹೋಗುವಾಗ ಫೋನ್ ಕೈಯಲ್ಲೇ ಇರಲಿ. "ಒಂದು ನಿಮಿಷ, ಆನ್ ಮಾಡ್ಕೊಳ್ಲಾ?" ಅಂತ ಬಾಗಿಲಲ್ಲೇ ಕೇಳಿ.